ಎಡೆದೊರೆ ನಾಡಿನ ಕರುಳಿನ ಚರಿತ್ರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನ ಬಗ್ಗೆ ನಮ್ಮಲ್ಲಿ ಬರೆದಿರುವ ಚರಿತ್ರೆ ಹೆಚ್ಚಾಗಿ ಕೋಟೆ, ಯುದ್ಧ ಮತ್ತು ಚಿನ್ನದ ಚರಿತ್ರೆ. ವಿಜಯನಗರದ ಅರಸರು ಮತ್ತು ಬಹಮನಿ ಸುಲ್ತಾನರು ಈ ನೆಲಕ್ಕಾಗಿ ಕಾದಾಡಿದರು. ಆದಿಲ್‌ಶಾಹಿಗಳು, ಮೊಗಲರು, ನಿಜಾಮರು, ಇಂಗ್ಲಿಷರು ಒಬ್ಬರ ನಂತರ ಒಬ್ಬರು ಇಲ್ಲಿ ಕಂದಾಯ ಎತ್ತಿದರು. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಸಿಕ್ಕಿತು, ಹಟ್ಟಿಯ ನೆಲದಡಿ ಚಿನ್ನ ಸಿಕ್ಕಿತು. ಆದರೆ ಇಷ್ಟೂ ಕಾಲ ಇಲ್ಲಿಯ ಜನ ಏನು ಉಂಡರು, ಯಾವ ನೀರು ಕುಡಿದರು, ಉಂಡದ್ದು ಅವರ ಮೈಗೆ ಹತ್ತಿತೇ ಎಂಬ ಪ್ರಶ್ನೆಯನ್ನು ಚರಿತ್ರೆಕಾರರು ಕೇಳಿದ್ದು ಕಡಿಮೆ.

ಈಗ ಆ ಪ್ರಶ್ನೆಯನ್ನು ವೈದ್ಯರು ಕೇಳುತ್ತಿದ್ದಾರೆ. ಸಕ್ಕರೆ ಕಾಯಿಲೆ, ಹೃದ್ರೋಗ, ಕೊಬ್ಬು ತುಂಬಿದ ಯಕೃತ್ತು, ಕೆಲವು ಬಗೆಯ ಕೀಲುನೋವು, ದೊಡ್ಡ ಕರುಳಿನ ಕ್ಯಾನ್ಸರ್ ಇವೆಲ್ಲ ಬೇರೆ ಬೇರೆ ಕಾಯಿಲೆಗಳಾದರೂ ಅವುಗಳ ಹಿಂದೆ ಒಂದು ಸಣ್ಣ ಉರಿ ವರ್ಷಗಟ್ಟಲೆ ಹೊಗೆಯಾಡುತ್ತಿರುತ್ತದೆ, ಆ ಉರಿಯ ಒಂದು ಮೂಲ ಕರುಳಿನಲ್ಲಿದೆ ಎಂದು ಅವರು ಹೇಳುತ್ತಿದ್ದಾರೆ. ಈ ಮಾತು ನಿಜವಾದರೆ ಕರುಳಿಗೂ ಒಂದು ಚರಿತ್ರೆ ಇರಲೇಬೇಕು. ಒಂದು ನಾಡಿನ ಕರುಳು ಕೆಡುವುದು ಒಬ್ಬಿಬ್ಬರ ನಾಲಿಗೆಯ ಚಪಲದಿಂದಲ್ಲ. ಬರ, ಗಣಿ, ಕಾಲುವೆ, ಪಡಿತರ ಇವೆಲ್ಲ ಸೇರಿ ಆ ನಾಡಿನ ತಟ್ಟೆಯನ್ನೂ ಲೋಟವನ್ನೂ ತುಂಬುತ್ತವೆ. ಸಿಂಧನೂರು, ಲಿಂಗಸುಗೂರು ಮತ್ತು ಇತ್ತೀಚೆಗೆ ತಾಲ್ಲೂಕಾದ ಮಸ್ಕಿಯ ಸೀಮೆಯನ್ನು ಮುಂದಿಟ್ಟುಕೊಂಡು ನಾವು ಈ ಮಾತನ್ನು ಸ್ವಲ್ಪ ವಿವರವಾಗಿ ನೋಡಬಹುದು.

ಕರುಳು ಮತ್ತು ಉರಿಯೂತ

ಕರುಳಿನ ಒಳಗೋಡೆಯ ಮೇಲ್ಪದರ ಒಂದೇ ಸಾಲು ಜೀವಕೋಶಗಳಿಂದ ಆದದ್ದು. ಈ ಕೋಶಗಳು ಮೂರರಿಂದ ಐದು ದಿನಗಳೊಳಗೆ ಸವೆದು ಹೋಗಿ ಹೊಸತು ಹುಟ್ಟುತ್ತವೆ. ಗೋಡೆಯ ಆಚೆಗೆ ನಾವು ಉಂಡ ಆಹಾರ ಮತ್ತು ಅದರೊಂದಿಗೆ ಬದುಕುವ ಸೂಕ್ಷ್ಮಾಣುಗಳಿವೆ. ಈಚೆಗೆ ನಮ್ಮ ರಕ್ತವಿದೆ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಹೆಚ್ಚಿನವು ದೊಡ್ಡ ಕರುಳಿನಲ್ಲಿ ವಾಸಿಸುತ್ತವೆ. ನಮ್ಮ ದೇಹದ ರಕ್ಷಣಾ ಕೋಶಗಳ ದೊಡ್ಡ ಪಾಲು ಇದೇ ಗೋಡೆಯ ಹಿಂದೆ ಕಾವಲು ಕೂತಿರುವುದಕ್ಕೆ ಕಾರಣವೂ ಇದೇ.

ಕಾಳು, ಸೊಪ್ಪು, ತೌಡು ಇವುಗಳ ನಾರನ್ನು ನಮ್ಮ ಹೊಟ್ಟೆ ಅರಗಿಸಲಾರದು. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ಉಳಿಸಿಕೊಡುತ್ತವೆ. ಕರುಳಿನ ಗೋಡೆಯ ಕೋಶಗಳಿಗೆ ಈ ಬ್ಯುಟಿರೇಟ್ ಮುಖ್ಯ ಆಹಾರ. ಕಾವಲು ಕೋಶಗಳ ಸಿಟ್ಟನ್ನು ಹದದಲ್ಲಿ ಇಡುವುದೂ ಅದೇ. ನಾರು ಸಿಗದೆ ಹೋದರೆ ಹಸಿದ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಗೋಡೆಗೆ ಬಳಿದ ಲೋಳೆಯನ್ನೇ ತಿನ್ನತೊಡಗುತ್ತವೆ. ಗೋಡೆ ತೆಳುವಾಗುತ್ತದೆ, ಬ್ಯಾಕ್ಟೀರಿಯಾಗಳ ಚೂರುಪಾರು ಸೋರಿ ರಕ್ತಕ್ಕೆ ಸೇರುತ್ತವೆ, ಕಾವಲು ಕೋಶಗಳು ಎದ್ದು ನಿಲ್ಲುತ್ತವೆ. ಗಾಯವಾದಾಗ ಆಗುವ ಉರಿಯೂತ ಕಣ್ಣಿಗೆ ಕಾಣುತ್ತದೆ, ನಾಲ್ಕು ದಿನದಲ್ಲಿ ಇಳಿಯುತ್ತದೆ. ಇದು ಕಾಣುವುದೂ ಇಲ್ಲ, ಇಳಿಯುವುದೂ ಇಲ್ಲ.

2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದ ಇಪ್ಪತ್ತು ಮಂದಿ ಕಪ್ಪು ಜನರಿಗೆ ದಕ್ಷಿಣ ಆಫ್ರಿಕದ ಹಳ್ಳಿಯ ನಾರುಭರಿತ ಊಟವನ್ನೂ, ಆ ಹಳ್ಳಿಯ ಇಪ್ಪತ್ತು ಮಂದಿಗೆ ಅಮೆರಿಕದ ಮಾಂಸ ಮತ್ತು ಕೊಬ್ಬಿನ ಊಟವನ್ನೂ ಎರಡು ವಾರ ಕೊಟ್ಟರು. ಎರಡೇ ವಾರದಲ್ಲಿ ಮೊದಲಿನವರ ಕರುಳಿನ ಉರಿಯೂತ ಇಳಿಯಿತು, ಎರಡನೆಯವರದು ಏರಿತು. ಇಷ್ಟಾದರೂ ಎಲ್ಲ ಕಾಯಿಲೆಗೂ ಕರುಳೇ ಕಾರಣ ಎಂದು ಹೇಳುವುದು ದುಡುಕಾದೀತು. ಎಷ್ಟೋ ಕಾಯಿಲೆಗಳಲ್ಲಿ ಕರುಳು ಕೆಟ್ಟದ್ದು ಮೊದಲೋ, ಕಾಯಿಲೆ ಬಂದದ್ದು ಮೊದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಊಟ ಮತ್ತು ನೀರು ಕರುಳನ್ನು ಬದಲಿಸುತ್ತವೆ, ಅದೂ ಬೇಗ ಬದಲಿಸುತ್ತವೆ ಎಂಬುದರಲ್ಲಿ ಮಾತ್ರ ಅನುಮಾನ ಉಳಿದಿಲ್ಲ.

ಹಕೀಮರ ಮಾತು

ಹೊಟ್ಟೆಯೇ ರೋಗದ ಮನೆ, ಪಥ್ಯವೇ ಮದ್ದಿನ ತಲೆ ಎಂಬ ಅರ್ಥದ ಅರಬ್ಬಿ ಮಾತೊಂದು ನಮ್ಮ ಮಸೀದಿಗಳ ವಾಅಝ್‌ಗಳಲ್ಲಿ ಆಗಾಗ ಕೇಳುತ್ತದೆ. ಹಲವರು ಅದನ್ನು ಹದೀಸ್ ಎಂದೇ ಭಾವಿಸಿದ್ದಾರೆ. ಅದು ಪ್ರವಾದಿ(ಸ)ಯವರ ಮಾತಲ್ಲ, ಅರಬರ ವೈದ್ಯ ಹಾರಿಸ್ ಇಬ್ನ್ ಕಲದಾ ಆಡಿದ ಮಾತು ಎಂದು ಇಬ್ನುಲ್ ಖಯ್ಯಿಮ್ ಹದಿನಾಲ್ಕನೆಯ ಶತಮಾನದಲ್ಲೇ ಸ್ಪಷ್ಟಪಡಿಸಿದ್ದಾರೆ. ಹೊಟ್ಟೆಯ ಮೂರನೆಯ ಒಂದು ಪಾಲು ಆಹಾರಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಇರಲಿ ಎಂಬ ಉಪದೇಶ ಮಾತ್ರ ತಿರ್ಮಿಝಿಯ ಹದೀಸ್ ಸಂಗ್ರಹದಲ್ಲಿದೆ. ನಮ್ಮ ಮದುವೆಯ ದಸ್ತರಖಾನ್‌ಗಳನ್ನೂ ರಮಝಾನಿನ ಸಂಜೆ ಎಣ್ಣೆಯಲ್ಲಿ ಕರಿದ ತಿಂಡಿಗಳ ರಾಶಿಯನ್ನೂ ನೋಡಿದರೆ ಈ ಉಪದೇಶ ನಮ್ಮ ಕಿವಿಯನ್ನು ದಾಟಿ ಕೆಳಗೆ ಇಳಿದಂತೆ ಕಾಣುವುದಿಲ್ಲ.

ಯುನಾನಿ ವೈದ್ಯದಲ್ಲಿ ಮೊದಲ ಪಚನ ಮೇದಾ ಅಂದರೆ ಜಠರದಲ್ಲಿ, ಎರಡನೆಯದು ಜಿಗರ್‌ನಲ್ಲಿ, ನಂತರ ರಕ್ತನಾಳಗಳಲ್ಲಿ, ಕೊನೆಗೆ ಪ್ರತಿ ಅಂಗದಲ್ಲಿ. ಮೊದಲನೆಯದು ಕೆಟ್ಟರೆ ಮುಂದಿನದನ್ನು ಯಾವ ಅಂಗವೂ ಸರಿಪಡಿಸಲಾರದು ಎಂಬುದು ಹಕೀಮರ ತಿಳಿವಳಿಕೆ. ಉರಿಯೂತವನ್ನು ಅವರು ವರಮ್ ಎನ್ನುತ್ತಾರೆ. ಬ್ಯಾಕ್ಟೀರಿಯಾದ ವಿಷಯ ಅವರಿಗೆ ತಿಳಿದಿರಲಿಲ್ಲ, ಆದರೆ ಕರುಳಿಗೆ ನಾರು ಬೇಕೆಂಬುದನ್ನು ಅನುಭವದಿಂದ ಕಂಡುಕೊಂಡಿದ್ದರು. ಇಸಬಗೋಲು ಎಂಬ ಹೆಸರೇ ಪಾರ್ಸಿಯದು. ಬೀಜದ ಆಕಾರ ನೋಡಿ ಕುದುರೆಯ ಕಿವಿ ಎಂದು ಕರೆದರು. ಇಂದು ಪೇಟೆಯ ಔಷಧಿ ಅಂಗಡಿಯಲ್ಲಿ ಡಬ್ಬಿಗಳಲ್ಲಿ ಮಾರುವ ಈ ಹೊಟ್ಟು ಅಪ್ಪಟ ನಾರು.

ಈ ಸೀಮೆಗೂ ಆ ವಿದ್ಯೆಗೂ ಹಳೆಯ ನಂಟಿದೆ. ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಾರಣಕ್ಕೆ ದೇವರಾಯನಿಗೂ ಫಿರೋಜ್ ಶಾಹ ಬಹಮನಿಗೂ 1406ರಲ್ಲಿ ನಡೆದ ಯುದ್ಧದ ಕಥೆಯನ್ನು ನಮಗೆ ಉಳಿಸಿಕೊಟ್ಟವನು ಬಿಜಾಪುರದ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫಿರಿಶ್ತಾ. ಅವನು ವೈದ್ಯವನ್ನೂ ಬಲ್ಲವನಾಗಿದ್ದನೆಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ದಸ್ತೂರುಲ್ ಅತಿಬ್ಬಾ ಎಂಬ ಪಾರ್ಸಿ ಗ್ರಂಥದಲ್ಲಿ ಅವನು ಭಾರತದ ವೈದ್ಯವನ್ನೂ ಇಲ್ಲಿಯ ಮದ್ದುಗಳನ್ನೂ ಪಾರ್ಸಿ ಬಲ್ಲ ಓದುಗರಿಗೆ ಪರಿಚಯಿಸಿದ. ಮುಂದೆ ರಾಯಚೂರು ಸೀಮೆ ನಿಜಾಮರ ಆಳ್ವಿಕೆಗೆ ಸೇರಿದಾಗ ಯುನಾನಿ ದವಾಖಾನೆಗಳು ಸರಕಾರಿ ವೈದ್ಯ ವ್ಯವಸ್ಥೆಯ ಭಾಗವಾದವು. ಹೈದರಾಬಾದಿನಲ್ಲಿ 1920ರಲ್ಲಿ ಹುಟ್ಟಿದ ಝಿಂದಾ ತಿಲಿಸ್ಮಾತ್‌ನ ಪುಟ್ಟ ಸೀಸೆ ಹೊಟ್ಟೆನೋವು, ನೆಗಡಿಗಳಿಗೆ ಜಾತಿಮತಗಳ ಭೇದವಿಲ್ಲದೆ ಈ ಕಡೆಯ ಮನೆಗಳ ಗೂಡುಗಳಲ್ಲಿ ಕೂತಿತು. ವೈದ್ಯ ಏನೇ ಇರಲಿ, ಕರುಳನ್ನು ದಿನವೂ ಕಾಯುತ್ತಿದ್ದುದು ಅಡುಗೆಮನೆಯೇ.

ಜೋಳದ ತಟ್ಟೆ

ಹಟ್ಟಿ ಎಂಬ ಪದಕ್ಕೆ ಕನ್ನಡದಲ್ಲಿ ದನದ ಕೊಟ್ಟಿಗೆ, ದನಗಾಹಿಗಳ ಬೀಡು ಎಂಬ ಅರ್ಥವಿದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ 1950ರ ದಶಕದ ಆರಂಭದಲ್ಲಿ ಉತ್ಖನನ ಮಾಡಿದ ಆಲ್ಚಿನ್ ಅವರು ಇಲ್ಲಿ ಸಾವಿರಾರು ವರ್ಷಗಳ ಹಿಂದೆ ಬದುಕಿದ್ದವರು ದನಗಾಹಿಗಳೆಂದು ತೋರಿಸಿಕೊಟ್ಟರು. ಬಳ್ಳಾರಿ ಸುತ್ತಿನ ಅದೇ ಕಾಲದ ನೆಲೆಗಳಲ್ಲಿ ಸುಟ್ಟ ಕಾಳುಗಳನ್ನು ಜರಡಿ ಹಿಡಿದು ನೋಡಿದಾಗ ಸಿಕ್ಕಿದ್ದು ಹುರಳಿ, ಹೆಸರು ಮತ್ತು ಸಣ್ಣ ಕಿರುಧಾನ್ಯಗಳು. ಜೋಳ ಆಗ ಇರಲಿಲ್ಲ. ಅದು ಆಫ್ರಿಕದಿಂದ ಬಂದ ಬೆಳೆ. ಎರೆಮಣ್ಣಿಗೂ ಇಲ್ಲಿಯ ಕಡಿಮೆ ಮಳೆಗೂ ಚೆನ್ನಾಗಿ ಹೊಂದಿಕೊಂಡು, ಬಂದ ನೆಂಟ ಮನೆಯ ಯಜಮಾನನಾದ ಹಾಗೆ ನೆಲೆ ನಿಂತಿತು. ದಖನಿ ಮಾತಾಡುವ ನಮ್ಮ ಮನೆಗಳಲ್ಲಿ ಅದರ ಹೆಸರು ಜವಾರಿ. ಉತ್ತರ ಕರ್ನಾಟಕದ ಕನ್ನಡದಲ್ಲಿ ಜವಾರಿ ಎಂದರೆ ಅಪ್ಪಟ ನಾಟಿ ತಳಿ.

ಇಲ್ಲಿಯ ಬಡವನ ಊಟವನ್ನು ಒಮ್ಮೆ ಬಿಡಿಸಿ ನೋಡಬೇಕು. ಜೋಳವನ್ನು ಸಿಪ್ಪೆ ಸಹಿತ ಬೀಸಿದ ಹಿಟ್ಟಿನ ರೊಟ್ಟಿ, ಮಡಕಿ, ಹೆಸರು, ಹುರಳಿ, ಅಲಸಂದಿಯಂಥ ಯಾವುದಾದರೊಂದು ಕಾಳು, ಪುಂಡಿ ಪಲ್ಯ, ಶೇಂಗಾ, ಅಗಸಿ ಅಥವಾ ಗುರೆಳ್ಳಿನ ಹಿಂಡಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುನ್ನ ಹುಳಿ ಬಂದ ಅಂಬಲಿ. ಪುಂಡಿಗೆ ದಖನಿಯಲ್ಲಿ ಅಂಬಾಡಾ ಎನ್ನುತ್ತಾರೆ. ಹೆಸರು ಬೇರೆ, ಹುಳಿ ಒಂದೇ. ಹಬ್ಬದ ದಿನ ಗೋಧಿ, ಅಕ್ಕಿ, ಮಾಂಸ ಬರಬಹುದು, ಉಳಿದ ದಿನಗಳಲ್ಲಿ ಹಿಂದೂ ಮುಸಲ್ಮಾನ ಎನ್ನದೆ ತಟ್ಟೆಯ ತುಂಬ ಇದೇ. ನಾರು, ಬಗೆಬಗೆಯ ಗಿಡಗಳ ಆಹಾರ ಮತ್ತು ಹುಳಿ ಹಿಡಿಸಿದ ಪದಾರ್ಥ, ಕರುಳಿಗೆ ಬೇಕೆಂದು ಇಂದು ವೈದ್ಯರು ಬರೆದುಕೊಡುವ ಈ ಮೂರೂ ಆ ತಟ್ಟೆಯಲ್ಲಿದ್ದವು.

ಆದರೆ ಅದು ಸ್ವರ್ಗದ ಕಾಲವೆಂದು ನಾವು ತಿಳಿಯಬಾರದು. ಕಾಳು, ಪಲ್ಯ, ಮಜ್ಜಿಗೆ ಇಲ್ಲದೆ ಬರೀ ರೊಟ್ಟಿ ಮೆಣಸಿನಕಾಯಲ್ಲಿ ದಿನ ದೂಡಿದವರೂ ಬಹಳ ಮಂದಿ. ಅಂಥವರಿಗೆ ಪೆಲಾಗ್ರ ಎಂಬ ಕಾಯಿಲೆ ಬರುತ್ತಿತ್ತು. ಬಿಸಿಲು ಬಿದ್ದ ಕಡೆಯೆಲ್ಲ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ ಅದರ ಲಕ್ಷಣ. ಮೆಕ್ಕೆಜೋಳ ತಿನ್ನುವವರಲ್ಲಿ ಮಾತ್ರ ಬರುವುದೆಂದು ಲೋಕ ನಂಬಿದ್ದ ಈ ಕಾಯಿಲೆ ದಖ್ಖನ್ನಿನ ಜೋಳ ತಿನ್ನುವ ಬಡವರಲ್ಲೂ ಇದೆ ಎಂಬುದು ಹೈದರಾಬಾದಿನ ಪೌಷ್ಟಿಕತೆಯ ಸಂಶೋಧನಾಲಯದಿಂದ ಹೊರಬಂತು. ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣವೆಂದು ವಾದಿಸಿದರು. ಜೋಳ ಒಳ್ಳೆಯದೇ, ಆದರೆ ಜೊತೆಗೆ ಇನ್ನೇನಾದರೂ ಇದ್ದಾಗ. ಬಡತನ ಆ ಇನ್ನೇನನ್ನೋ ಮೊದಲು ಕಿತ್ತುಕೊಳ್ಳುತ್ತದೆ.

ಬರದ ಕರುಳು

ಅದನ್ನಷ್ಟೇ ಅಲ್ಲ, ರೊಟ್ಟಿಯನ್ನೂ ಕಿತ್ತುಕೊಂಡ ಕಾಲ 1876ರಿಂದ 1878ರ ಮಹಾಬರ. ಲಿಂಗಸುಗೂರು ಆಗ ನಿಜಾಮರ ರಾಜ್ಯದಲ್ಲಿ ಒಂದು ಜಿಲ್ಲೆಯೇ ಆಗಿತ್ತು. 1905ರಲ್ಲಿ ಅದನ್ನು ಮುರಿದು ರಾಯಚೂರು, ಗುಲಬರ್ಗಾಗಳಿಗೆ ಹಂಚಿದರು. ತುಂಗಭದ್ರೆಯ ಆಚೆ ದಡದ ಬಳ್ಳಾರಿ ಮದರಾಸು ಪ್ರಾಂತದಲ್ಲಿತ್ತು. ಬರಕ್ಕೆ ಗಡಿಯ ಲೆಕ್ಕವಿರಲಿಲ್ಲ. ಆದರೆ ಆ ಬರದ ವೈದ್ಯಕೀಯ ದಾಖಲೆ ಹೆಚ್ಚಾಗಿ ಮದರಾಸಿನ ಕಡೆಯದು.

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಸಾಕೆಂದು ಗೊತ್ತುಪಡಿಸಿದ. ಮದರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯು.ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕಾಳು, ತರಕಾರಿ ಇಲ್ಲದ ಅಷ್ಟು ಧಾನ್ಯ ನಿಧಾನವಾಗಿ ಕೊಲ್ಲುತ್ತದೆ ಎಂಬುದು ಅವರ ನಿಲುವು. ಸತ್ತವರ ಶವಪರೀಕ್ಷೆ ಮಾಡಿದಾಗ ಎದ್ದು ಕಂಡದ್ದು ಕರುಳಿನ ಸ್ಥಿತಿ. ನೂರಾರು ಶವಗಳನ್ನು ಪರೀಕ್ಷಿಸಿದ ಅಲೆಕ್ಸಾಂಡರ್ ಪೋರ್ಟರ್ ಎಂಬ ವೈದ್ಯ 1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿವರಗಳಿವೆ. ಉಪವಾಸದಿಂದ ಕರುಳಿನ ಗೋಡೆ ಕಾಗದದಂತೆ ತೆಳುವಾಗಿ, ಒಳಪದರ ಸವೆದುಹೋಗಿತ್ತು. ಅಂಥವರನ್ನು ಗಂಜಿ ಕೇಂದ್ರಕ್ಕೆ ತಂದು ಊಟಕ್ಕೆ ಕೂರಿಸಿದರೂ ಉಂಡದ್ದು ಮೈಗೆ ಹತ್ತದೆ ಭೇದಿಯಾಗಿ ಸಾಯುತ್ತಿದ್ದರು. ಅನ್ನ ಬಂದು ತಲುಪುವ ಹೊತ್ತಿಗೆ ಅನ್ನವನ್ನು ತೆಗೆದುಕೊಳ್ಳುವ ಅಂಗವೇ ಉಳಿದಿರಲಿಲ್ಲ. ಬರದ ಬಗ್ಗೆ ನಮಗೆ ಗೊತ್ತಿರುವ ಸಂಗತಿಗಳಲ್ಲಿ ಇದಕ್ಕಿಂತ ಕಠೋರವಾದದ್ದು ಕಡಿಮೆ.

ನೀರಿನ ಪಾಠ

ಬರ ಹೋದರೂ ನೀರಿನ ಕಾಟ ಉಳಿಯಿತು. ಮೆಟ್ಟಿಲುಬಾವಿಗೆ ಇಳಿದು ಕೊಡ ಮುಳುಗಿಸುವವರ ಕಾಲಿನ ಹುಣ್ಣಿನಿಂದ ನೀರಿಗೆ, ಆ ನೀರು ಕುಡಿದವರ ಹೊಟ್ಟೆಗೆ, ವರ್ಷದ ನಂತರ ಮತ್ತೆ ಕಾಲಿನಿಂದ ಹೊರಕ್ಕೆ, ಹೀಗೆ ಸುತ್ತುತ್ತಿದ್ದ ನಾರುಹುಣ್ಣಿನ ಹುಳು ಈ ಒಣಸೀಮೆಯ ಹಳೆಯ ಶಾಪ. 1980ರ ದಶಕದಲ್ಲಿ ದೇಶದಾದ್ಯಂತ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾಡಿ, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿ, ಕೈಪಂಪು ಹಾಕಿಸಿ ಅದನ್ನು ಓಡಿಸಲಾಯಿತು. ಭಾರತದ ಕೊನೆಯ ರೋಗಿ ರಾಜಸ್ಥಾನದಲ್ಲಿ ಸಿಕ್ಕಿದ್ದು 1996ರ ಜುಲೈನಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಈ ರೋಗಕ್ಕೆ ಲಸಿಕೆಯೂ ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ನೀರು ಸರಿಯಾದದ್ದೇ ಮದ್ದಾಯಿತು.

ಹುಳು ಹೋಯಿತು, ಹೊಲಸು ಹೋಗಲಿಲ್ಲ. ನೀರಿನಲ್ಲಿ ಮಲದ ಕ್ರಿಮಿಗಳು ದಿನವೂ ಸ್ವಲ್ಪ ಸ್ವಲ್ಪ ಸೇರುತ್ತಿದ್ದರೆ ಭೇದಿಯೇ ಆಗಬೇಕೆಂದಿಲ್ಲ. ಸಣ್ಣ ಕರುಳಿನ ಒಳಗೆ ಆಹಾರ ಹೀರುವ, ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿವೆ. ನಿರಂತರ ಉರಿಯೂತದಿಂದ ಅವು ಚಪ್ಪಟೆಯಾಗುತ್ತವೆ. ಮಗು ಉಣ್ಣುತ್ತದೆ, ಬೆಳೆಯುವುದಿಲ್ಲ. ಒಂದು ಕಾಲದಲ್ಲಿ ನಮ್ಮಂಥ ದೇಶಗಳವರ ಕರುಳು ಹುಟ್ಟಿನಿಂದಲೇ ಹೀಗಿರಬಹುದೆಂಬ ಅನುಮಾನವಿತ್ತು. 1960ರ ದಶಕದಲ್ಲಿ ಆಗಿನ ಪಾಕಿಸ್ತಾನಕ್ಕೆ ಸೇವೆಗೆ ಬಂದ ಅಮೆರಿಕದ ಪೀಸ್ ಕೋರ್ ಯುವಕರ ಕರುಳನ್ನು ಪರೀಕ್ಷಿಸಿದಾಗ ಅವರದೂ ಹಾಗೆಯೇ ಆಗಿರುವುದು ಕಂಡಿತು. ಮನೆಗೆ ಮರಳಿದ ಮೇಲೆ ಅದು ತಾನಾಗಿ ಸರಿಹೋಗುತ್ತ ಬಂತು. ಕರುಳಿಗೆ ಕುಲವಿಲ್ಲ, ಊರಿನ ನೀರು ಮಾತ್ರ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಯುವಕರಿಗೆ ಮರಳಲು ಬೇರೆ ನೀರಿನ ಊರಿತ್ತು. ನಮ್ಮ ಮಕ್ಕಳಿಗೆ ಅದೂ ಇಲ್ಲ.

2011ರಲ್ಲಿ ರಾಯಚೂರು ಜಿಲ್ಲೆಯ ಅಪೌಷ್ಟಿಕ ಮಕ್ಕಳ ಸಾವಿನ ಸುದ್ದಿ ರಾಜ್ಯವನ್ನು ಕಲಕಿತು. ಹೈಕೋರ್ಟಿನ ಮುಂದೆ ಪ್ರಕರಣ ಬಂದು ನ್ಯಾಯಮೂರ್ತಿ ಎನ್.ಕೆ. ಪಾಟೀಲರ ಸಮಿತಿ ರಚನೆಯಾಯಿತು. ಚರ್ಚೆ ಬಹುಪಾಲು ಅಂಗನವಾಡಿಯ ಹಿಟ್ಟು, ಹಾಲು, ಮೊಟ್ಟೆಗಳ ಸುತ್ತ ನಡೆಯಿತು. ಅದು ಬೇಕಾದ ಚರ್ಚೆಯೇ. ಆದರೆ ಕರುಳು ಉರಿಯುತ್ತಿರುವ ಮಗುವಿಗೆ ಕೊಟ್ಟ ಮೊಟ್ಟೆಯ ಪೂರ್ತಿ ಸಾರ ಮೈಗೆ ಸೇರುವುದಿಲ್ಲ ಎಂಬುದು ಪೋರ್ಟರನ ಕಾಲದಿಂದಲೂ ತಿಳಿದಿರುವ ಪಾಠ. 2022ರ ಮೇ, ಜೂನ್ ತಿಂಗಳಲ್ಲಿ ರಾಯಚೂರು ನಗರದಲ್ಲೇ ನಲ್ಲಿಯ ಕಲುಷಿತ ನೀರು ಕುಡಿದು ಹಲವರು ಸತ್ತರು, ಅನೇಕರು ಆಸ್ಪತ್ರೆ ಸೇರಿದರು. ಎರಡು ದೊಡ್ಡ ನದಿಗಳ ನಡುವಿನ ಜಿಲ್ಲಾ ಕೇಂದ್ರದಲ್ಲಿ ಆದ ಸಂಗತಿಯಿದು.

ಗಣಿಯ ಕೆಳಗೆ

ಹಟ್ಟಿಯ ಚಿನ್ನಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ. ಯಂತ್ರಗಳಿಲ್ಲದ ಆ ಕಾಲದಲ್ಲಿ ಇಲ್ಲಿಯ ಜನ ಬಂಡೆಯನ್ನು ಕೊರೆದು ಸುಮಾರು 640 ಅಡಿ ಆಳಕ್ಕೆ ಇಳಿದಿದ್ದರು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಕಂಡವನೂ ನಿಜಾಮರ ರಾಜ್ಯದಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ಬೀಡನ್ ಎಂಬ ಎಂಜಿನಿಯರ್. ಇಂದಿನ ಕಂಪನಿ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಎಂಬ ಹೆಸರಿನಲ್ಲಿ ಶುರುವಾಗಿ, 1956ರಲ್ಲಿ ಹಟ್ಟಿ ಚಿನ್ನದ ಗಣಿ ಆಯಿತು. ಕೋಲಾರದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದ ಮೇಲೆ ದೇಶದ ಗಣಿಚಿನ್ನಕ್ಕೆ ಮುಖ್ಯ ಆಧಾರ ಇದೇ.

ಗಣಿಯ ಕಾಯಿಲೆ ಎಂದರೆ ದೂಳು ತುಂಬಿದ ಶ್ವಾಸಕೋಶ ಎಂದೇ ನಾವು ತಿಳಿದಿದ್ದೇವೆ. ಗಣಿಗೂ ಕರುಳಿಗೂ ಸಂಬಂಧವಿದೆ ಎಂಬುದು ಲೋಕಕ್ಕೆ ತಿಳಿದದ್ದು ಯುರೋಪಿನಲ್ಲಿ. 1880ರ ಸುಮಾರಿಗೆ ಆಲ್ಪ್ಸ್ ಪರ್ವತದಡಿ ಸೇಂಟ್ ಗೊಥಾರ್ಡ್ ಸುರಂಗ ಕೊರೆಯುತ್ತಿದ್ದ ಕೂಲಿಗಳು ರಕ್ತವಿಲ್ಲದೆ ಬಿಳುಚಿ ಸಾಯತೊಡಗಿದಾಗ ಅವರ ಕರುಳಿನಲ್ಲಿ ಕೊಕ್ಕೆಹುಳು ಸಿಕ್ಕಿತು. 1902ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಡಾಲ್ಕೋತ್ ತವರದ ಗಣಿಯಲ್ಲೂ ಅದೇ ಕಥೆ. ಸುರಂಗದೊಳಗಿನ ಸೆಕೆ, ತೇವ, ಶೌಚಕ್ಕೆ ಜಾಗವಿಲ್ಲದ ಸ್ಥಿತಿ, ಇವು ಮೂರೂ ಸೇರಿ ಹುಳುವಿಗೆ ಮನೆ ಕಟ್ಟಿಕೊಟ್ಟಿದ್ದವು. ಶ್ರೀಮಂತ ದೇಶದ ಗಣಿಯಲ್ಲಾದರೂ ಕಾರ್ಮಿಕನ ಕರುಳನ್ನು ಉಳಿಸಿದ್ದು ನೆಲದಡಿಯ ಶೌಚದ ವ್ಯವಸ್ಥೆ.

ಚಿನ್ನದ ಬಂಡೆಗೆ ಇನ್ನೊಂದು ನೆಂಟಸ್ತಿಕೆಯಿದೆ. ಚಿನ್ನವಿರುವ ಕಲ್ಲಿನಲ್ಲಿ ಹಲವು ಕಡೆ ಆರ್ಸೆನಿಕ್ ಕೂಡ ಇರುತ್ತದೆ. ಹಕೀಮರು ಸಂಖಿಯಾ ಎನ್ನುವ ವಿಷ ಅದು. ಕೃಷ್ಣೆಯ ಆಚೆ, ಸುರಪುರ ಸೀಮೆಯ ಮಂಗಳೂರು ಎಂಬಲ್ಲಿ ಚಿಕ್ಕದೊಂದು ಚಿನ್ನದ ಗಣಿಯಿತ್ತು. ಅದರ ಹತ್ತಿರದ ಕಿರದಳ್ಳಿ ತಾಂಡಾದ ಲಂಬಾಣಿ ಜನ ಕುಡಿಯುತ್ತಿದ್ದ ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್ ವಿಪರೀತವಾಗಿದೆ ಎಂಬುದು 2010ರ ಆಸುಪಾಸಿನಲ್ಲಿ ಬಯಲಾಯಿತು. ಅಷ್ಟರಲ್ಲಿ ಹಲವರ ಕೈಕಾಲುಗಳ ಚರ್ಮ ದಪ್ಪಗಟ್ಟಿ ಒಡೆದು, ಕೆಲವರಿಗೆ ಕ್ಯಾನ್ಸರ್ ಆಗಿತ್ತು. ಹುಣ್ಣು ಚರ್ಮದ ಮೇಲೆ ಕಂಡಿತಾದರೂ ವಿಷ ಒಳಗೆ ಹೋದದ್ದು ಕರುಳಿನ ದಾರಿಯಿಂದಲೇ. ಆರ್ಸೆನಿಕ್ ಕರುಳಿನ ಬ್ಯಾಕ್ಟೀರಿಯಾಗಳ ಬಳಗವನ್ನೇ ಕೆಡಿಸುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ಹೇಳುತ್ತಿವೆ. ಚಿನ್ನ ಹುಡುಕುವ ಕಣ್ಣು ಕುಡಿಯುವ ನೀರನ್ನು ಪರೀಕ್ಷಿಸಲು ಬಹಳ ತಡಮಾಡಿತು.

ಕಾಲುವೆ ಬಂದ ಮೇಲೆ

ನಮ್ಮ ತಟ್ಟೆಯನ್ನು ಪೂರ್ತಿ ಬದಲಿಸಿದ್ದು ತುಂಗಭದ್ರಾ ಎಡದಂಡೆ ಕಾಲುವೆ. ಹೈದರಾಬಾದ್ ಮತ್ತು ಮದರಾಸು ಸರಕಾರಗಳು 1944ರಲ್ಲಿ ಒಪ್ಪಂದ ಮಾಡಿಕೊಂಡವು, 1945ರಲ್ಲಿ ಶಂಕುಸ್ಥಾಪನೆಯಾಯಿತು, 1953ರಲ್ಲಿ ನೀರು ಹರಿಯಿತು. ಮೂಲ ಯೋಜನೆಯಲ್ಲಿ ಇದು ಬರ ತಡೆಯುವ ಕಾಲುವೆ. ಹೆಚ್ಚು ಎಕರೆಗೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಕಾಪಾಡುವುದು, ಭತ್ತಕ್ಕೆ ಗೊತ್ತುಪಡಿಸಿದ ಸ್ವಲ್ಪ ಜಾಗ ಮಾತ್ರ ಬಿಡುವುದು ಅದರ ಉದ್ದೇಶ. ಆದದ್ದೇ ಬೇರೆ. ಕರಾವಳಿ ಆಂಧ್ರದಿಂದ ಭತ್ತ ಬೆಳೆಯಬಲ್ಲ ರೈತರು ಬಂದು ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಪುನರ್ವಸತಿ ಸಿಕ್ಕಿತು. ಅವರೂ ಅನ್ನ ಉಣ್ಣುವವರು. ಕಾಲುವೆಯ ತಲೆಭಾಗವೆಲ್ಲ ಭತ್ತದ ಗದ್ದೆಯಾಯಿತು, ಕೊನೆಯ ಭಾಗದ ಹೊಲಗಳಿಗೆ ನೀರು ತಲುಪದೆ ಜಗಳ ಉಳಿಯಿತು. ಸಿಂಧನೂರು ಅಕ್ಕಿ ಗಿರಣಿಗಳ ಊರಾಯಿತು, ಸೋನಾ ಮಸೂರಿಗೆ ಹೆಸರಾಯಿತು.

ಇದರಿಂದ ಹಸಿವು ಹಿಂದೆ ಸರಿಯಿತು, ಅದನ್ನು ಮರೆಯುವುದು ಕೃತಘ್ನತೆ. 2013ರ ಜುಲೈಯಲ್ಲಿ ಶುರುವಾದ ಅನ್ನಭಾಗ್ಯ ಯೋಜನೆ ಬಡವರ ಮನೆಗೆ ಮೊದಲು ರೂಪಾಯಿಗೊಂದು ಕಿಲೋ, ನಂತರ ಪುಕ್ಕಟೆ ಅಕ್ಕಿ ತಂದಿತು. ಒಡೆಯನ ಅಂಗಳದಲ್ಲಿ ಕಾಳಿಗಾಗಿ ಕೈಚಾಚುವುದು ಬಹಳ ಮಂದಿಗೆ ತಪ್ಪಿತು. ಆದರೆ ಬಂದದ್ದು ತೌಡು ತೆಗೆದ ಬಿಳಿಯ ಅಕ್ಕಿ. ಜೋಳದ ಜೊತೆಗೇ ಅದರ ಜೊತೆಗಾರರೂ ಹೊರಟರು. ರೊಟ್ಟಿಗೆ ಕಾಳುಪಲ್ಯ, ಹಿಂಡಿ, ಪುಂಡಿ ಬೇಕೇಬೇಕು. ಅನ್ನಕ್ಕೆ ತಿಳಿಸಾರಾದರೂ ನಡೆಯುತ್ತದೆ.

ಹೀಗೆ ಬಿಳಿಯ ಅನ್ನವೇ ಮುಖ್ಯವಾದ ಊಟ ಕರುಳಿಗೆ ಏನು ಮಾಡುತ್ತದೆ ಎಂಬುದನ್ನು ನಮ್ಮ ದಕ್ಷಿಣದಲ್ಲೇ ಒಬ್ಬರು ನೂರು ವರ್ಷದ ಹಿಂದೆ ನೋಡಿದ್ದರು. ಕೂನೂರಿನ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕೋತಿಗಳಿಗೆ ಸಾರ ಕಳೆದ ಅಕ್ಕಿಯಂಥ ಕೊರತೆಯ ಆಹಾರ ಕೊಟ್ಟು, ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವ ಅಂಗಗಳಲ್ಲಿ ಕರುಳು ಒಂದು ಎಂದು ತೋರಿಸಿದರು. 1921ರ ಅವರ ಪುಸ್ತಕದಲ್ಲಿ ಇದರ ವಿವರವಿದೆ. ಅದೇ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂದು, ಮುಂದೆ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯಾಯಿತು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಅಂದಾಜು ಮಾಡಿದೆ. ಅದಕ್ಕೆ ಅಕ್ಕಿಯೊಂದೇ ಕಾರಣವಲ್ಲ. ಮೈದಾ, ಸಕ್ಕರೆ, ಕರಿದ ತಿಂಡಿ, ತಂಬಾಕು, ಕಡಿಮೆಯಾದ ನಡಿಗೆ, ಗಣಿಯಲ್ಲಾದರೆ ರಾತ್ರಿ ಪಾಳಿ, ಎಲ್ಲವೂ ಸೇರಿವೆ. ಆದರೆ ಅಜ್ಜನ ಕಾಲದಲ್ಲಿ ಹೊಲಸು ನೀರಿನಿಂದ ಉರಿದ ಕರುಳು ಮೊಮ್ಮಗನ ಕಾಲದಲ್ಲಿ ನಾರಿಲ್ಲದ ಅನ್ನದಿಂದ ಉರಿಯುತ್ತಿದೆ. ಎಷ್ಟೋ ಮನೆಗಳಲ್ಲಿ ಎರಡೂ ಉರಿ ಒಟ್ಟಿಗಿವೆ: ಮಗುವಿಗೆ ಅಪೌಷ್ಟಿಕತೆ, ಅಜ್ಜಿಗೆ ಸಕ್ಕರೆ ಕಾಯಿಲೆ, ಇಬ್ಬರಿಗೂ ಒಂದೇ ಒಲೆ.

ಯಾರ ಹೊಣೆ?

ಮತ್ತೆ ರೊಟ್ಟಿ ತಿನ್ನಿ ಎಂದು ಉಪದೇಶಿಸುವುದು ಸುಲಭ. ರೊಟ್ಟಿ ಬಡಿಯುವವರು ಯಾರು ಎಂದು ಆ ಉಪದೇಶ ಕೇಳುವುದಿಲ್ಲ. ಐದಾರು ಜನರ ಮನೆಗೆ ಎರಡು ಹೊತ್ತಿನ ರೊಟ್ಟಿ ಬಡಿಯಲು ಹೆಂಗಸು ಒಲೆಯ ಮುಂದೆ ಗಂಟೆಗಟ್ಟಲೆ ಕೂರಬೇಕು. ಹಿಟ್ಟು ಬೀಸಿಸಬೇಕು, ಎಸರು ಕಾಯಿಸಬೇಕು, ನಾದಬೇಕು, ಒಂದೊಂದನ್ನೇ ಬಡಿದು ಬೇಯಿಸಬೇಕು. ಮುಂಜಾನೆಯೇ ಕೂಲಿಗೆ ಹೊರಡುವವಳಿಗೆ ಕುಕ್ಕರಿನ ಅನ್ನ ಒಂದು ಗಂಟೆ ನಿದ್ದೆ ಉಳಿಸಿಕೊಡುತ್ತದೆ. ಅದನ್ನು ಸೋಮಾರಿತನ ಎನ್ನುವವರು ಒಂದು ದಿನ ಆ ಒಲೆಯ ಮುಂದೆ ಕೂತು ನೋಡಲಿ. ಪುಕ್ಕಟೆ ಅಕ್ಕಿ ಮನೆಗೆ ಬರುವಾಗ ಜೋಳಕ್ಕೆ ದುಡ್ಡು ತೆತ್ತು ಸಂತೆಯಿಂದ ತರಲು ಕೂಲಿಯವರ ಕೈಯಲ್ಲಿ ದುಡ್ಡೂ ಉಳಿಯುವುದಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ನವಣೆ, ಸಜ್ಜೆಗಳು ದೊಡ್ಡ ಊರುಗಳ ಅಂಗಡಿಗಳಲ್ಲಿ ಬಣ್ಣದ ಪೊಟ್ಟಣ ಸೇರಿದವು. ಬೆಳೆದವನ ಮನೆಯಲ್ಲಿ ರೇಷನ್ ಅಕ್ಕಿ ಬೇಯುತ್ತಿದೆ.

ಹಾಗಾದರೆ ಆಗಬೇಕಾದದ್ದು ಹೆಚ್ಚಿನ ಕಡೆ ಅಡುಗೆಮನೆಯ ಹೊರಗಿದೆ. ಜೋಳ ಉಣ್ಣುವ ಜಿಲ್ಲೆಗಳಿಗೆ ಪಡಿತರದಲ್ಲಿ ಜೋಳ ಕೊಡುವ ಪ್ರಯತ್ನಗಳು ಆಗಾಗ ನಡೆದಿವೆ. ಅದು ಪ್ರತಿ ತಿಂಗಳ ಮಾತಾಗಬೇಕು, ಅದರ ಜೊತೆಗೆ ಒಂದಿಷ್ಟು ಬೇಳೆಕಾಳೂ ಬರಬೇಕು. ಒಳ್ಳೆಯ ಬೆಂಬಲ ಬೆಲೆಗೆ ಇಲ್ಲಿಯ ಜೋಳವನ್ನೇ ಕೊಂಡು ಇಲ್ಲಿಯೇ ಹಂಚಿದರೆ ಮಳೆ ನಂಬಿದ ರೈತನಿಗೂ ಬದುಕು ಸಿಗುತ್ತದೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಂಗಸರಿದ್ದಾರೆ. ಶಾಲೆಯ ಬಿಸಿಯೂಟಕ್ಕೂ ಹಾಸ್ಟೆಲಿಗೂ ಅವರಿಂದ ರೊಟ್ಟಿ ಕೊಳ್ಳುವುದಾದರೆ ಬಡಿಯುವ ಕೈಗೆ ಕೂಲಿ ಬರುತ್ತದೆ, ಮಕ್ಕಳ ಕರುಳಿಗೆ ನಾರು ಸಿಗುತ್ತದೆ. 2022ರಿಂದ ರಾಯಚೂರಿನ ಜನ ಏಮ್ಸ್ ಆಸ್ಪತ್ರೆಗಾಗಿ ಧರಣಿ ಕೂತದ್ದು ನ್ಯಾಯವಾದ ಹೋರಾಟ. ಆ ಆಸ್ಪತ್ರೆಯ ಹೊರಗೆ ಮುಂದೆ ನಿಲ್ಲಬಹುದಾದ ಸಾಲು ಚಿಕ್ಕದಾಗಬೇಕಾದರೆ ಅಷ್ಟೇ ಗಟ್ಟಿಯಾಗಿ ಶುದ್ಧ ನೀರನ್ನೂ ಕೇಳಬೇಕು.

ಇದು ಹೊಸ ಬೇಡಿಕೆಯೇನೂ ಅಲ್ಲ. ಮಸ್ಕಿಯ ಶಾಸನದಲ್ಲಿ ಈ ಮಾತಿಲ್ಲವಾದರೂ, ಅದೇ ಅಶೋಕ ಗಿರ್ನಾರ್ ಮೊದಲಾದ ಕಡೆ ಕೆತ್ತಿಸಿದ ಎರಡನೆಯ ಬಂಡೆಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಮದ್ದಿನ ಗಿಡಗಳನ್ನು ನೆಡಿಸಿದ್ದನ್ನೂ ದಾರಿಗಳಲ್ಲಿ ಬಾವಿ ತೋಡಿಸಿದ್ದನ್ನೂ ಅರಸನ ಕೆಲಸವೆಂದು ಹೇಳಿಕೊಂಡಿದ್ದಾನೆ. ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಉತ್ತಮ ಎಂದು ಸಅದ್ ಇಬ್ನ್ ಉಬಾದಾ ಕೇಳಿದಾಗ ಪ್ರವಾದಿ(ಸ)ಯವರು ನೀರು ಎಂದರು. ಅವರು ಬಾವಿ ತೋಡಿಸಿದರು. ನಮ್ಮ ಜಮಾತುಗಳು ಮಿನಾರ್‌ಗಳಿಗೆ ಬಣ್ಣ ಬಳಿಸುವಷ್ಟೇ ಮುತುವರ್ಜಿಯಿಂದ ಮಸೀದಿಯ ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ, ಫಲಿತಾಂಶವನ್ನು ಓಣಿಯ ಎಲ್ಲರಿಗೂ ಕಾಣುವಂತೆ ಬರೆದು ಹಾಕಿದರೆ ಅದೂ ಸದಖಾ ಜಾರಿಯಾ. ಸರಕಾರ ಮಾಡಬೇಕಾದ ಕೆಲಸಕ್ಕೆ ಅದು ಬದಲಿಯಾಗದು, ಕೇಳುವ ಬಾಯಿಗೆ ಬಲವನ್ನಂತೂ ಕೊಡುತ್ತದೆ. ಕನ್ನಡದಲ್ಲಿ ಕರುಳು ಎಂದರೆ ಹೊಟ್ಟೆಯೊಳಗಿನ ಅಂಗವೂ ಹೌದು, ಇನ್ನೊಬ್ಬರ ನೋವಿಗೆ ಮಿಡಿಯುವುದೂ ಹೌದು. ಎಡೆದೊರೆಯ ಜನ ಎರಡನೆಯದನ್ನು ಎಂದೂ ಕಳೆದುಕೊಂಡವರಲ್ಲ. ಮೊದಲನೆಯದನ್ನು ಉಳಿಸಿಕೊಳ್ಳಲು ಒಳ್ಳೆಯ ನೀರೂ ಒಳ್ಳೆಯ ಧಾನ್ಯವೂ ಅವರಿಗೆ ಸಿಗಬೇಕು, ಅಷ್ಟೇ.